ಎರಡೂಮುಕ್ಕಾಲು ಗಂಟೆ

ಕೆಂಪಾಪುರ
ಬುಧವಾರ, ಬೆಳಿಗ್ಗೆ ಹತ್ತೂವರೆ

ಮೇಲಿನ ಮನೆಯ ಗಂಗರತ್ನಮ್ಮನವರಿಗೆ,

ಬೀಗದ ಕೈ ಈ ಪತ್ರದ ಜೊತೆಗಿದೆ. ಗ್ಯಾಸ್ ಬಂದ್ ಮಾಡಿದ್ದೇನೆ. ನೀವು ಕೊಟ್ಟಿದ್ದ ಸ್ಟೂಲಿನ ಕಾಲು ಮುರಿದಿದೆ, ಕ್ಷಮಿಸಿ. ನನ್ನ ಎಡಗೈ ಮುರಿದ ದಿನವೇ ಅದೂ ಮುರಿಯಿತು.

ನಿನ್ನೆಯಿಡೀ ನನ್ನ ಗಂಡನ ಫೋನನ್ನು ಬೇಕೆಂದೇ ಎತ್ತಲಿಲ್ಲ. ಇವತ್ತು ಬೆಳಗಿನ ಜಾವ ಎತ್ತಿದಾಗ ಲೋಹಿತ್ ಕಿರುಚಿದ: "ನಾನ್ ದಿಲ್ಲೀಲಿದೀನಿ ಅಂತ ಮೆರೀತಿದೀಯಾ? ಸಾವಿರದ ಏಳ್ನೂರು ಕಿಲೋಮೀಟರ್ ಅಷ್ಟೇ ಕಣೇ. ಎರಡೂಮುಕ್ಕಾಲು ಗಂಟೇಲಿ ಬಂದು ಇನ್ನೊಂದ್ ಕೈನೂ ಮುರೀತೀನಿ."

ಅವನು ಹೊರಡಲಿ ಎಂದೇ ಕಾಯುತ್ತಿದ್ದೆ. ನಮ್ಮ ಬಾಗಿಲ ಮೇಲೆ ಅವನು ಹಾಕಿಸಿದ ಕ್ಯಾಮೆರಾ ಅವನ ಫೋನಿನಲ್ಲಿ ಕಾಣುತ್ತದೆ. ನಾನು ಹೊಸಿಲು ದಾಟಿದರೆ ಸಾಕು, ಆಟೋ ಸಿಗುವ ಮೊದಲೇ ಹಿಂದಿನ ಬೀದಿಯಲ್ಲಿರುವ ಅವನ ತಮ್ಮ ಬಂದು, ಕೂದಲು ಹಿಡಿದು ಒಳಗೆ ನೂಕುತ್ತಾನೆ. ಎರಡು ಸಲ ಹಾಗಾಯಿತು. ಎರಡು ಸಲವೂ ನೀವು ಬಾಲ್ಕನಿಯಲ್ಲಿದ್ದಿರಿ. ವಿಮಾನದಲ್ಲಿ ಮಾತ್ರ ಅವನ ಫೋನ್ ಬಂದ್ ಇರುತ್ತದೆ. ಹತ್ತೂಕಾಲಿಗೆ ಬಂದ್ ಆಯಿತು.

ಅವನು ಬಂದಾಗ ಬಾಗಿಲು ತೆಗೆಯಬೇಡಿ, ಕಿಟಕಿಯಿಂದಲೇ ಕೀ ಕೊಡಿ. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾನೆ. ನಾನು ಯಾವಾಗ ಹೋದೆ, ಯಾರ ಜೊತೆ ಹೋದೆ ಎಂದು ಕೇಳಿದರೆ ಯೋಚನೆ ಮಾಡಬೇಡಿ. ನನ್ನ ಕೈ ಮುರಿದ ಮರುದಿನ ಪೊಲೀಸರಿಗೆ ಹೇಳಿದ್ದನ್ನೇ ಅವನಿಗೂ ಹೇಳಿ: "ನಮ್ಗೇನೂ ಕೇಳಿಸ್ಲೇ ಇಲ್ಲ."

ಇಂತಿ,
ಇಲ್ಲಿಯವರೆಗೆ ನಿಮ್ಮ ಕೆಳಮನೆಯಲ್ಲಿದ್ದ
ಪಾವನಾ