ಹಟದಜ್ಜಿ ಹಬ್ಬಕ್ಕೆ ಬಂದಳು

ಅಕ್ಟೋಬರ್ ೨೩, ರಾತ್ರಿ

ಉಟ್ಟ ಹೊಸ ಸೀರೆ ಬದಲಿಸಲೂ ತ್ರಾಣವಿಲ್ಲ. ಬೆಳಿಗ್ಗೆ ಅಮ್ಮನಿಗೆ ಹೇಳಿದ ಸುಳ್ಳು ಇನ್ನೂ ಕೊರೆಯುತ್ತಿದೆ. "ಹಬ್ಬದ ಊಟಕ್ಕೆ ಯಾರ ಮನೆಗೆ ಹೋಗ್ತೀಯೇ?" ಎಂದು ಫೋನಿನಲ್ಲಿ ಕೇಳಿದಳು. "ಸ್ನೇಹಿತರು ಕರೆದಿದ್ದಾರಮ್ಮ" ಅಂದೆ. ಎಲ್ಲಿಯ ಸ್ನೇಹಿತರು! ಸ್ವಯಂಸೇವೆಗೆಂದು ಈ ದೇಶಕ್ಕೆ ಬಂದು ತಿಂಗಳಾಗಿಲ್ಲ. ಬಾಡಿಗೆ ಕೋಣೆ, ಕೃತಕ ಕಾಲು ಜೋಡಿಸುವ ಆಸ್ಪತ್ರೆ, ಇವೆರಡೇ ನನಗೆ ಗೊತ್ತು.

ನಾನು ಹಟದಜ್ಜಿ ಎಂದು ಕರೆಯುವ ಮುದುಕಿ ಹೊಸ ಕಾಲು ಹಾಕಿಸಿಕೊಂಡು ವಾರವಾದರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಇವತ್ತೂ ಬೇಡಿ ಬೇಡಿ ಸಾಕಾಗಿ, ನಡೆಯಲು ಕಲಿಸುವ ಕಂಬಿಗಳ ಆಚೆ ತುದಿಯ ಬೆಂಚಿನ ಮೇಲೆ ಕುಸಿದೆ. ಅವಳ ಭಾಷೆ ನನಗೆ ಅರೆಬರೆ. ಅದರಲ್ಲೇ ನಮ್ಮ ಮಾತು.

"ಏನು, ಹೊಸ ಬಟ್ಟೆ?"

"ನಮ್ಮೂರಲ್ಲಿ ಇವತ್ತು ಹಬ್ಬ, ಅಜ್ಜಿ."

"ನಿನ್ನ ಮನೆಗೆ ಯಾರು ಬರ್ತಾರೆ?"

"ಇಲ್ಲಿ ನನಗ್ಯಾರಿದ್ದಾರೆ?" ಅಂದೆ. ಮುಖ ತಿರುಗಿಸಿಕೊಂಡೆ.

ಮತ್ತೆ ನೋಡಿದರೆ ಅಜ್ಜಿ ಎದ್ದು ನಿಂತಿದ್ದಾಳೆ! ಹಿಡಿಯಲು ಹೋದರೆ ಗದರಿದಳು: "ಕೂತ್ಕೋ! ನೆಂಟರು ತಾವೇ ನಡ್ಕೊಂಡು ಬರ್ಬೇಕು."

ಕಂಬಿ ಹಿಡಿದು, ಬೆವರು ಸುರಿಸುತ್ತಾ, ನನ್ನನ್ನೂ ಆ ಕಾಲನ್ನೂ ಒಟ್ಟಿಗೆ ಬೈಯುತ್ತಾ ಬಂದೇ ಬಂದಳು. "ಬಂದೆನಲ್ಲ, ಏನು ಕೊಡ್ತೀಯ?"

ನನ್ನ ಚೀಲದಲ್ಲಿ ಒಂದು ಬಾಳೆಹಣ್ಣಿತ್ತು. ಬೆಂಚಿನ ಮೇಲೆ ಒತ್ತಿಕೊಂಡು ಕೂತು ಇಬ್ಬರೂ ಮುರಿದು ತಿಂದೆವು.

ಆಮೇಲೂ ಸಂಜೆಯವರೆಗೆ ಬಿಡುವಿಲ್ಲದ ಕೆಲಸ. ಸೊಂಟ ಬಿದ್ದುಹೋಗಿದೆ. ಮನೆಯ ನೆನಪೇನೂ ಕಡಿಮೆಯಾಗಿಲ್ಲ, ಆದರೂ ಹಬ್ಬ ಆಯಿತು ಅನ್ನಿಸುತ್ತಿದೆ. ನಾಳೆ ಅಜ್ಜಿಗೆ ಕೈಬಿಟ್ಟು ನಿಲ್ಲುವುದನ್ನು ಕಲಿಸಬೇಕು, ಆಮೇಲೆ ಮೆಟ್ಟಿಲು, ಆಮೇಲೆ... ಕಣ್ಣು ಎಳೆಯುತ್ತಿದೆ.