ಗುಳ್ಳೆ ಎಂದು ಬರೆದ ಒಂಬತ್ತು ವಾರ

ಆಗಸ್ಟ್ ೭, ಬುಧವಾರ ಬೆಳಗ್ಗೆ

ನೀರಪ್ಪನವರಿಗೆ,

ನೀರು ಸರಬರಾಜಿನ ಇಂಜಿನಿಯರ್ ಗಂಡನಿಗೆ ನಾನಿಟ್ಟ ಈ ಹೆಸರಿನಿಂದ ನಿಮ್ಮನ್ನು ಕರೆದು ಎರಡು ವರ್ಷವಾಯಿತು, ನಾವು ಬೇರೆಯಾದಷ್ಟೇ ವರ್ಷ. ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಬರೆಯುವುದೇ ಇಲ್ಲ. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಒಂಬತ್ತು ವಾರ "ಗುಳ್ಳೆ" ಎಂದು ಬರೆದು ಸುಮ್ಮನಾದವಳು ನಾನು. ಇದನ್ನು ಬಿಟ್ಟು ಬರೆದ ಎರಡು ಕಾಗದಗಳನ್ನು ಹರಿದುಹಾಕಿದ್ದೇನೆ. ಅವುಗಳಲ್ಲಿ ತಪ್ಪೆಲ್ಲ ನಿಮ್ಮದೇ ಆಗಿತ್ತು. ಓದಲು ಚೆನ್ನಾಗಿಯೂ ಇತ್ತು.

ಭಾನುವಾರ ಫೋನಿನಲ್ಲಿ, ನಿಮ್ಮ ಮನೆಯ ನಲ್ಲಿ ನೀರು ಕುಡಿಯಬೇಡಿ ಎಂದೆ. "ನನ್ನಲ್ಲಿ ಹುಳುಕು ಹುಡುಕಿದ್ದು ಸಾಲ್ದು ಅಂತ ಈಗ ನನ್ನ ನೀರಲ್ಲೂ ಹುಡುಕ್ತಿದೀಯಾ? ಮಗಳನ್ನ ಇಟ್ಕೊಳ್ಳೋಕೆ ಇದೊಂದು ನೆಪ" ಎಂದು ಇಟ್ಟುಬಿಟ್ಟಿರಿ. ಆಮೇಲೆ ಕರೆ ಎತ್ತಲಿಲ್ಲ. ನಿಮ್ಮ ಪಕ್ಕದ ಮನೆಯ, ಪಂಪ್ ನಡೆಸುವ ಪಂಪಿನವರ ಹೆಂಡತಿಗೂ ಹೇಳಿದೆ. "ಸಾಹೇಬ್ರೇ ಅದನ್ನ ಕುಡೀತಾರಲ್ಲಕ್ಕಾ, ನಮಗೇನಾಗತ್ತೆ?" ಎಂದು ನಕ್ಕಳು. ಅವಳ ಕೂಸಿಗೆ ಇನ್ನೂ ಐದು ತಿಂಗಳು. ಪುಡಿ ಹಾಲು ಕಲಸುವುದು ಅದೇ ನೀರಿನಲ್ಲಿ.

ನಮ್ಮ ಕಾಗದಗಳೆಲ್ಲ ಮಗಳ ಚೀಲದಲ್ಲಿ ಓಡಾಡುತ್ತಿದ್ದವು. ಇದು ಅಂಚೆಯಲ್ಲಿ ಬರುತ್ತಿದೆ, ಏಕೆಂದರೆ ಅವಳನ್ನು ಇನ್ನು ನಿಮ್ಮ ಮನೆಗೆ ಕಳಿಸುವುದಿಲ್ಲ.

ನಮ್ಮ ಚಿಪ್ಪನ್ನು ನೀವು ನೋಡಿದ್ದೀರಿ. "ಅಂಚೆಚೀಟಿಯಷ್ಟು ಗಾಜಿಗೆ ಇಷ್ಟೊಂದು ಮುದ್ದಾ?" ಎಂದು ನಕ್ಕಿದ್ದಿರಿ. ಅದರೊಳಗೆ ಕೂದಲೆಳೆಗಿಂತ ಸಣ್ಣ ಕಾಲುವೆಗಳಿವೆ. ಅವುಗಳಲ್ಲಿ ಒಂದೇ ಜೀವಕೋಶದ ಪಾಚಿಗಳನ್ನು ಬಿಟ್ಟು, ಪರೀಕ್ಷಿಸಬೇಕಾದ ನೀರನ್ನು ಹರಿಸುತ್ತೇವೆ. ಒಳ್ಳೆಯ ನೀರಾದರೆ ಎರಡು ಬಾಲ ಬಡಿಯುತ್ತ ಈಜುತ್ತವೆ, ಕೆಟ್ಟದ್ದಾದರೆ ನಿಲ್ಲುತ್ತವೆ. ಎಷ್ಟು ಈಜುತ್ತಿವೆ ಎಂದು ಕ್ಯಾಮೆರಾ ಲೆಕ್ಕ ಹಾಕಿ ಗೆರೆ ಎಳೆಯುತ್ತದೆ. ಆದರೆ ಗಾಳಿಯ ಗುಳ್ಳೆ ಹೊಕ್ಕರೂ ಗೆರೆ ಕುಸಿಯುತ್ತದೆ. "ಮೇಡಂ, ನಮ್ಮ ಲ್ಯಾಬಲ್ಲಿ ಏನೇ ಕೆಟ್ರೂ ಗುಳ್ಳೆ ಮೇಲೆ ಹಾಕ್ಬಹುದು, ಪಾಪ, ಅದಕ್ಕೆ ಬಾಯಿಲ್ಲ" ಎನ್ನುತ್ತಾಳೆ ನನ್ನ ವಿದ್ಯಾರ್ಥಿನಿ.

ನಾವು ಪರೀಕ್ಷಿಸುತ್ತಿದ್ದದ್ದು ಕಾರ್ಖಾನೆಯ ಚರಂಡಿ ನೀರನ್ನು. ಹೋಲಿಕೆಗೆ ಶುದ್ಧವಾದ ನೀರು ಬೇಕಿತ್ತು. ಪ್ರತಿ ಶನಿವಾರ ನನ್ನ ಬಳಿಗೆ ಬರುವಾಗ ಅಪ್ಪನ ಮನೆಯ ನಲ್ಲಿಯಿಂದ ಒಂದು ಬಾಟಲಿ ತಾ ಎಂದು ಮಗಳಿಗೆ ಹೇಳಿದೆ. ನಿಮ್ಮನ್ನು ಎಲ್ಲದರಲ್ಲೂ ಅನುಮಾನಿಸಿದೆ, ನೀರಿನ ವಿಷಯದಲ್ಲಿ ಮಾತ್ರ ಎಂದೂ ಇಲ್ಲ. ಹಾಗಾಗಿ ಆ ಬಾಟಲಿಗಳ ಗೆರೆ ಕುಸಿದಾಗ ಚಿಪ್ಪನ್ನು ಬೈದೆ, ಕೊಳವೆ ಬದಲಿಸಿದೆ. ಅಳತೆಗೋಲಾಗಿ ಇಟ್ಟ ಆ ನೀರನ್ನೇ ಅಳೆಯಬೇಕೆಂದು ಹೊಳೆಯಲೇ ಇಲ್ಲ. ಹೊಳೆಯದಿರಲಿ ಎಂದು ಬಯಸಿದೆನೋ ಏನೋ, ಈಗ ಹೇಳಲಾರೆ.

ಭಾನುವಾರ ಲ್ಯಾಬಿಗೆ ಹೋಗಿ ಹಳೆಯ ವಿಡಿಯೋಗಳನ್ನೆಲ್ಲ ನೋಡಿದೆ. ಯಾಕೆ ಹೋದೆ ಎಂಬುದನ್ನು ಧೈರ್ಯ ಬಂದರೆ ಕೊನೆಗೆ ಬರೆಯುತ್ತೇನೆ. ಗುಳ್ಳೆಗೆ ಕಪ್ಪು ಅಂಚಿರುತ್ತದೆ. ಅದು ದಾಟಿದ ಮೇಲೆ ಉಳಿದವು ಮತ್ತೆ ಈಜುತ್ತವೆ. ಒಂಬತ್ತು ವಿಡಿಯೋಗಳಲ್ಲಿ ಒಂದರಲ್ಲೂ ಗುಳ್ಳೆ ಇರಲಿಲ್ಲ. ಪಾಚಿಗಳು ಒಂದೊಂದಾಗಿ ನಿಂತವು, ಮತ್ತೆ ಚಲಿಸಲಿಲ್ಲ. ಈ ಶನಿವಾರ ಬಂದ ಹನ್ನೊಂದನೆಯ ಬಾಟಲಿಯ ನೀರನ್ನು ಹೊಸ ಚಿಪ್ಪಿನಲ್ಲಿ ಹರಿಸಿ ಕಣ್ಣಾರೆ ನೋಡಿದೆ: ಆರು ನಿಮಿಷದಲ್ಲಿ ಎಲ್ಲವೂ ನಿಂತವು. ಪಕ್ಕದ ಕಾಲುವೆಯಲ್ಲಿ ನನ್ನ ಮನೆಯ ನೀರು ಹರಿಯುತ್ತಿತ್ತು. ಅಲ್ಲಿ ಸಂಜೆಯವರೆಗೂ ಈಜುತ್ತಲೇ ಇದ್ದವು.

ಮೊದಲ ಬಾಟಲಿ ಮಾತ್ರ ಚೆನ್ನಾಗಿತ್ತು. ಎರಡನೆಯದನ್ನು ತಂದ ದಿನ ಮಗಳು ಹೇಳಿದ್ದಳು: "ಅಪ್ಪ ನಮ್ಮ ಕ್ವಾರ್ಟರ್ಸಿನ ನಾಲ್ಕೂ ಮನೆಗೆ ಹಳೇ ಟ್ಯಾಂಕಿಂದ ನೀರು ಕೊಟ್ಟಿದಾರೆ, ಹೊಸದು ರಿಪೇರಿಗೆ." ಆ ಟ್ಯಾಂಕು ಸರಿಯಿದೆ ಎಂದು ಸಹಿ ಹಾಕಿದವರು ನೀವು. ಅದರಲ್ಲಿ ಏನಿದೆ ಎಂದು ನನ್ನ ಚಿಪ್ಪು ಹೇಳಲಾರದು. ಅದಕ್ಕೆ ಗೊತ್ತಾಗುವುದು ಈಜುತ್ತಿವೆಯೋ ಇಲ್ಲವೋ ಎಂಬುದಷ್ಟೇ. ಒಳಗೇನಿದೆ ಎಂದು ನಿಮಗೆ ಗೊತ್ತಿದ್ದರೆ, ದಯವಿಟ್ಟು ಡಾಕ್ಟರಿಗೆ ಹೇಳಿ. ಸೋಮವಾರ ಮಗಳ ರಕ್ತ ತೆಗೆದುಕೊಂಡಿದ್ದಾರೆ. ಶುಕ್ರವಾರ ತಿಳಿಯುತ್ತದೆ.

ನಿಮ್ಮ ಕೆಲಸವನ್ನು ಇನ್ನೂ ನಂಬಬೇಕೆಂದಿರುವ,
ಮಗಳ ಅಮ್ಮ

ಮರೆತ ಮಾತು, ಅಂದರೆ ಮರೆಯದ್ದು: ಬಾಟಲಿಗೆ ತಾರೀಕಿನ ಚೀಟಿ ಬರೆಯುವುದು ಮಗಳ ಕೆಲಸ, ಅದನ್ನು ಬಿಡಿಸಿ ದಾಖಲೆ ಪುಸ್ತಕಕ್ಕೆ ಅಂಟಿಸುವುದು ನನ್ನದು. ಈ ಶನಿವಾರ "ನೀನೇ ಬರಿ ಅಮ್ಮಾ, ಪೆನ್ನು ಯಾಕೋ ಕೈಯಲ್ಲಿ ನಿಲ್ತಿಲ್ಲ" ಎಂದಳು. ಅವಳು ಮಲಗಿದ ಮೇಲೆ ಪುಸ್ತಕ ತೆರೆದೆ. ಮೊದಲ ಚೀಟಿಯಲ್ಲಿ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಐದನೆಯದರಲ್ಲಿ ಅಂಕಿಗಳು ಗೆರೆ ಬಿಟ್ಟು ಇಳಿದಿವೆ. ಹತ್ತನೆಯದು ತಾರೀಕೆಂದು ಅವಳ ಅಮ್ಮನಿಗೆ ಮಾತ್ರ ಗೊತ್ತಾದೀತು. ಅದರ ಪಕ್ಕದಲ್ಲೇ, ನನ್ನ ದುಂಡು ಅಕ್ಷರದಲ್ಲಿ, ಗುಳ್ಳೆ.

ನಿಮ್ಮ ಕಚೇರಿಗೆ ಹೆಸರು ಹೇಳದೆ ಫೋನ್ ಮಾಡಿದ್ದೆ. "ಬರೆದು ಕೊಡಿ ಮೇಡಂ" ಎಂದರು. ಇದರ ಪ್ರತಿಯನ್ನು ಅವರಿಗೆ ಮೂರು ದಿನ ತಡವಾಗಿ ಹಾಕೋಣ, ಅಷ್ಟರಲ್ಲಿ ಟ್ಯಾಂಕನ್ನು ನೀವೇ ಮುಚ್ಚಿಸಿದಿರಿ ಎಂದಾಗಲಿ ಎಂದುಕೊಂಡಿದ್ದೆ. ಆಮೇಲೆ ಪಂಪಿನವರ ಕೂಸು ಮೂರು ದಿನದಲ್ಲಿ ಎಷ್ಟು ಸಲ ಹಾಲು ಕುಡಿಯುತ್ತದೆ ಎಂದು ಯೋಚಿಸಿದೆ. ಎರಡು ಲಕೋಟೆಗಳನ್ನೂ ಒಟ್ಟಿಗೇ ಹಾಕುತ್ತೇನೆ. ಇವತ್ತೇ, ಆಗಸ್ಟ್ ೭.