ವೈನಿಯ ಹಾಲ್ ಟಿಕೆಟ್

ಬೇಡಕಿಹಾಳ
ತಾ. ೧೯-೪-೧೯೮೮, ಮಂಗಳವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಕಸ್ತೂರಿಯ ಜಯ ಜಿನೇಂದ್ರ. ನಿನ್ನ ಸೊಂಟನೋವು ಈಗ ಹೇಗಿದೆ? ನಡಿಯಾದದ ಗೋದಾಮಿನಲ್ಲಿ ಹೊತ್ತು ಮುಳುಗುವವರೆಗೆ ನಿಂತೇ ಇರಬೇಕು, ಅಲ್ಲಿಯ ಸಿಹಿ ಬೇಳೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬರೆದಿದ್ದೆಯಂತೆ. ಹೆಂಡತಿಗೆ ಬರೆದದ್ದನ್ನು ವೈನಿ ನಮಗೂ ಓದಿ ಹೇಳಿದರು. ಅವ್ವ ಅಂದಿನಿಂದ ಖಾರದ ಪುಡಿ ಕಟ್ಟಿ ಇಟ್ಟುಕೊಂಡು, ಗುಜರಾತಿನ ಕಡೆ ಹೋಗುವ ತಂಬಾಕಿನ ಲಾರಿಯವರು ಯಾರಾದರೂ ಸಿಗುತ್ತಾರೋ ಎಂದು ಕಾಯುತ್ತಿದ್ದಾಳೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಸಿಟ್ಟು ಕಡಿಮೆಯಾಗಿಲ್ಲ. ನಿನ್ನ ಮಗಳು ನನ್ನನ್ನು ಅತ್ತ್ಯಾ ಎಂದು ಕರೆಯಲು ಕಲಿತಿದ್ದಾಳೆ. ವೈನಿ ಶಾಲೆಗೆ ಹೋದ ಮೇಲೆ ಆಕೆಗೆ ಉಣಿಸುವುದು, ಮಲಗಿಸುವುದು ಎಲ್ಲ ನನ್ನ ಪಾಲಿಗೇ ಬಂದಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ, ಕೂಸು ಬಂಗಾರದಂಥದ್ದು. ದೀಪಾವಳಿಯಿಂದ ಈಚೆಗೆ ನೀನು ಮನೆಗೆ ಆರು ಪತ್ರ ಬರೆದಿದ್ದೀಯ. ಎಮ್ಮೆ ಈದಿತೋ ಇಲ್ಲವೋ ಎಂದು ಕೂಡ ಕೇಳಿದ್ದೀಯ. ಕಸ್ತೂರಿ ಏನು ಮಾಡುತ್ತಿದ್ದಾಳೆ ಎಂದು ಒಂದರಲ್ಲೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಿನ್ನೆ ನಾನು ಚಿಕ್ಕೋಡಿಗೆ ಹೋಗಿ ಬಿ.ಎ. ಮೊದಲ ವರ್ಷದ ಇಂಗ್ಲಿಷ್ ಪೇಪರು ಬರೆದು ಬಂದೆ. ಈ ಸಲ ನನ್ನ ಹೆಸರಿನಲ್ಲಿ ಬರೆದೆ.

ಹೋದ ಸಲದ್ದು ನಿನಗೆ ಮರೆತಿರಬಹುದು, ಮರೆಯುವುದು ನಿನಗೆ ಸುಲಭ. ನನಗೆ ಒಂದೊಂದೂ ನೆನಪಿದೆ. ವೈನಿಯ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದೇ ಮೂರು ಸಲ ಕೈಕೊಟ್ಟಿತ್ತು. ಏಕಸಂಬಿಯ ಶಾಲೆಯವರು ಡಿಗ್ರಿ ಕಾಗದ ತಂದರೆ ನೌಕರಿ ಎಂದು ಕಾದು ಕೂತಿದ್ದರು. ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ಮೂರು ತಿಂಗಳು ವೈನಿಯನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸಿದೆ. ಅವರು ಮರಾಠಿ ಶಾಲೆಯಲ್ಲಿ ಕಲಿತವರು, ನಿಪ್ಪಾಣಿಯ ಪೇಟೆಯಲ್ಲಿ ಬೆಳೆದವರು, ಮನಸ್ಸು ಒಳ್ಳೆಯದು. ಆದರೆ ಇಂಗ್ಲಿಷ್ ಎಂದರೆ ಗೈಡ್ ಬಾಯಿಪಾಠ ಎಂದೇ ಅವರ ನಂಬಿಕೆ. ಪ್ರದರ್ಶನ ನೋಡಿ ಬಂದದ್ದರ ಮೇಲೆ ಒಂದು ಎಸ್ಸೆಯನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ನಾನು ಒಂದು ದಿನ ಆಸ್ಪತ್ರೆಗೆ ಹೋಗಿ ಬಂದದ್ದರ ಬಗ್ಗೆ ಬರೆಯಿರಿ ಎಂದೆ. ಹೆಸರು ಮಾತ್ರ ಬದಲಿಸಿ ಅದನ್ನೇ ಬರೆದರು. ಆಸ್ಪತ್ರೆಯ ತುಂಬ ಬಣ್ಣಬಣ್ಣದ ಅಂಗಡಿ, ಜನ ಖುಷಿಯಿಂದ ತಿರುಗಾಡುತ್ತಿದ್ದರು, ನಾವು ಭಜಿ ತಿಂದು ತಿರುಗುವ ತೊಟ್ಟಿಲು ಹತ್ತಿ ಮನೆಗೆ ಬಂದೆವು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಎನ್ನುತ್ತಾರಲ್ಲ, ಹಾಗೆ. ಆಮೇಲೆ ನಗು ನಿಂತು ವೈನಿ ಅಳತೊಡಗಿದರು.

ಆಗ ನೀನು ರಜೆಗೆ ಬಂದವನು ಆ ಮಾತು ತೆಗೆದೆ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ನನ್ನ ಕಡೆ ನೋಡದೆ, ಅವ್ವನ ಕಡೆ ನೋಡಿ ಹೇಳಿದೆ. "ಕಸ್ತೂರಿ ಹೋಗಿ ಬರೀಲಿ ಬಿಡs ಯವ್ವಾ. ಹಾಲ್ ಟಿಕೆಟ್ಟಿನ ಫೋಟೋದ ಮ್ಯಾಲ ಕಾಲೇಜಿನ ಸಿಕ್ಕಾ ಬಿದ್ದಿರ್ತದ, ಯಾರ ಮುಖಾ ಯಾರಿಗೆ ಗೊತ್ತಾಕ್ಕೈತಿ?" ಅಪ್ಪ, "ಒಂದs ಮನಿ ಹೆಣ್ಣುಮಕ್ಕಳು, ಯಾರು ಬರದ್ರೇನಾತು" ಎಂದ. ನಾನು ಒಲ್ಲೆನೆಂದೆ. ನೀನು ನನ್ನ ತಲೆಯ ಮೇಲೆ ಕೈಯಿಟ್ಟು, ಮುಂದಿನ ವರ್ಷ ನಿನ್ನ ಫಾರ್ಮು ನಾನೇ ತುಂಬಿ, ನಾನೇ ಕಾಲೇಜಿಗೆ ಬಿಟ್ಟು ಬರುತ್ತೇನೆ ಎಂದೆ. ನಾನು ನಂಬಿದೆ. ನಿನ್ನ ಮಾತು ನಂಬದೆ ಇರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮದುವೆಯಾಗದ ಹುಡುಗಿಯ ಕೊರಳಿಗೆ ತಾಳಿ, ಗುಳದಾಳಿ ಕಟ್ಟಿದರಲ್ಲ, ಅದು ನಿನಗೆ ಗೊತ್ತಿಲ್ಲ, ನೀನು ಆಗಲೇ ನಡಿಯಾದಕ್ಕೆ ಹೋಗಿದ್ದೆ. ವೈನಿಯದನ್ನು ಬಿಚ್ಚಿ ಕೊಡಬಾರದೆಂದು ಅವ್ವ ನಿಪ್ಪಾಣಿಯ ಸಂತೆಯಿಂದ ಕರಿಮಣಿಯ ಒಂದು ಸುಳ್ಳು ಸರ ತಂದಳು. ಹಸಿರು ಬಳೆ, ಕಾಲುಂಗುರ. ಚಿಕ್ಕೋಡಿಯ ಬಸ್ಸಿನಲ್ಲಿ ಅವ್ವ ನನ್ನ ಮುಖ ನೋಡಲಿಲ್ಲ. ತಿರುಗಿ ಬಂದಾಗ ಹೊಸ್ತಿಲು ದಾಟುವ ಮೊದಲೇ ಕೊಟ್ಟಿಗೆಯಲ್ಲಿ ಎಲ್ಲ ಬಿಚ್ಚಿಸಿ, ತಲೆಯ ಮೇಲೆ ನೀರು ಸುರಿದು ಒಳಗೆ ಕರೆದಳು. ಪರೀಕ್ಷೆಯ ಹಾಲಿನಲ್ಲಿ ಏನಾಯಿತು ಎಂಬುದನ್ನು ನಾನು ಅವಳಿಗೂ ಹೇಳಿಲ್ಲ. ಇವತ್ತು ನಿನಗೆ ಹೇಳುತ್ತೇನೆ. ಸುತ್ತಲಿನವರೆಲ್ಲ ಚೀಟಿ ತೆಗೆದುಕೊಂಡು ಬರೆಯುತ್ತಿದ್ದರು, ನಾನು ಮಾತ್ರ ಮೇಲಿಂದ ಮೇಲೆ ಹೆಚ್ಚಿನ ಹಾಳೆ ಕೇಳುತ್ತಿದ್ದೆ. ಸುಪರ್‌ವೈಸರ್ ಆಗಿದ್ದ ಬಾಯಿ, ಬೇರೆ ಕಾಲೇಜಿನ ವಯಸ್ಸಾದ ಮೇಡಂ, ಹತ್ತಿರ ಬಂದು ಓದಿ, "ಭಾಳ ಛಲೋ ಬರದೀ ನೋಡವ್ವಾ. ಯಾವೂರು? ಯಾರ ಮನಿಯಾಕಿ?" ಎಂದರು. ಬೇಡಕಿಹಾಳದ ನೇಮಿನಾಥನ ಹೆಂಡತಿ ಎಂದೆ. ಅವರು ಬಾಯಿಗೆ ಸೆರಗು ಹಚ್ಚಿ ನಕ್ಕರು. "ಅಬಾಬಾ! ನಮ್ಮ ಕಡೆ ಹೆಣ್ಣುಮಕ್ಕಳು ಒಡಪು ಹಾಕಿ ನಾಚಿ ನಾಚಿ ಹೇಳ್ತಾರ, ನೀ ಗಂಡನ ಹೆಸರು ಪಟ್ನ ಹೇಳಿಬಿಟ್ಟೆಲ್ಲs" ಎಂದರು. ಹೌದಲ್ಲ! ಅಣ್ಣನ ಹೆಸರು ಹೇಳಲು ತಂಗಿ ಯಾಕೆ ನಾಚಬೇಕು? ಆದರೆ ಹೇಳಿದ ಮೇಲೆ ನಾನು ಏನು ಹೇಳಿದೆ ಎಂಬುದು ಹೊಳೆದು, ಹೇಸಿ, ಕೊರಳಿನ ಸರವನ್ನು ಸೆರಗಿನೊಳಗೆ ತಳ್ಳಿದೆ. ಉಳಿದ ಎರಡು ಪ್ರಶ್ನೆಗಳನ್ನು ಹೇಗೆ ಬರೆದೆನೋ ನನಗೇ ಗೊತ್ತಿಲ್ಲ.

ಆದರೂ ಅರವತ್ತೊಂದು ಮಾರ್ಕು ಬಂದವು. ಮನೆಯಲ್ಲಿ ಪೇಢೆ ಹಂಚಿದರು. ಪಕ್ಕದ ಮನೆಯ ತುಳಸವ್ವ ನನ್ನ ಕೈಯಲ್ಲೂ ಒಂದು ಪೇಢೆ ಇಟ್ಟು, "ವೈನಿ ಹಂಗ ನೀನೂ ಶಾಣ್ಯಾಕಿ ಆಗವ್ವಾ" ಎಂದಳು. ವೈನಿ ತಲೆ ತಗ್ಗಿಸಿದರು, ಅಷ್ಟು ಮರ್ಯಾದೆ ಅವರಿಗಿತ್ತು. ನಿನಗೆ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮುಂದಿನ ವರ್ಷ ಹೋಯಿತು. ಅದರ ಮುಂದಿನ ವರ್ಷ ವೈನಿ ಬಸುರಿ, ಮನೆಯಲ್ಲಿ ಕೆಲಸಕ್ಕೆ ಜನ ಬೇಕು ಎಂದೆ. ಅದರ ಮುಂದಿನ ವರ್ಷ ಏನೂ ಹೇಳಲಿಲ್ಲ, ಹೇಳುವ ಗರಜೇ ಬೀಳಲಿಲ್ಲ. ವೈನಿ ಶಾಲೆಯಲ್ಲಿ ಇಂಗ್ಲಿಷ್ ಟೀಚರಬಾಯಿ ಆದರು. ಅವರು ನಾಳೆ ಹೇಳುವ ಪಾಠವನ್ನು ಇವತ್ತು ನಾನು ಬರೆದುಕೊಡುತ್ತೇನೆ. ಹುಡುಗರ ನೋಟುಬುಕ್ಕು ಚೀಲದಲ್ಲಿ ಮನೆಗೆ ಬರುತ್ತವೆ, ನಾನು ಕೆಂಪು ಶಾಯಿಯಿಂದ ತಿದ್ದುತ್ತೇನೆ, ಕೆಳಗೆ ವೈನಿ ಸಹಿ ಮಾಡುತ್ತಾರೆ.

ಅದನ್ನೆಲ್ಲ ನಾನು ನುಂಗಿಕೊಂಡಿದ್ದೆ. ನುಂಗಲಾರದ್ದು ಹೋದ ಶ್ರಾವಣದಲ್ಲಿ ಆಯಿತು. ಅಥಣಿ ಕಡೆಯ ಅನಂತಪುರದಿಂದ ಅಣ್ಣಾಸಾಬ ಎನ್ನುವವರ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗ ಹೈಸ್ಕೂಲು ಮಾಸ್ತರ, ಕಲಿತ ಹೆಣ್ಣು ಬೇಕಾಗಿತ್ತು. ಸೊಸೆ ಬಿ.ಎ. ಅಂತೀರಿ, ಮಗಳನ್ನ ಯಾಕ ಓದಿಸಲಿಲ್ಲ ಎಂದು ಅವರು ಕೇಳಿದರು. ನಾನು ಅವಲಕ್ಕಿಯ ತಾಟು ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ಅಪ್ಪ, "ಏನ ಮಾಡೂದ್ರೀ, ನಾವೇನ ಒಲ್ಲೆ ಅಂದಿಲ್ಲ. ಆಕೀ ತಲಿಗೆ ಓದು ಹತ್ತಲಿಲ್ಲ" ಎಂದುಬಿಟ್ಟ. ನೀನೂ ಅಲ್ಲೇ ಇದ್ದೆ, ಅಣ್ಣಾ. ಅವರ ಪಕ್ಕದಲ್ಲಿ ಲೋಡಿಗೆ ಒರಗಿ ಕೂತಿದ್ದೆ. ನೀನು ಅಡಿಕೆ ಕತ್ತರಿಸುತ್ತಲೇ ಇದ್ದೆ. ಅವರು ಅವಲಕ್ಕಿ ತಿಂದು, ತಿಳಿಸ್ತೀವಿ ಎಂದು ಹೋದರು. ವರ ತಪ್ಪಿದ್ದಕ್ಕೆ ನಾನು ಅತ್ತೆ ಎಂದು ಅವ್ವ ಇವತ್ತಿಗೂ ತಿಳಿದಿದ್ದಾಳೆ.

ಮರುದಿನವೇ ಬಸದಿಯ ಓಣಿಯ ಶಾಂತಿನಾಥ ಮಾಸ್ತರರ ಹತ್ತಿರ ಹೋದೆ. ಅವರು ರಿಟೈರ್ ಆಗಿ ಎಂಟು ವರ್ಷವಾಯಿತು, ಕಣ್ಣು ಮಂಜು, ಕಿವಿ ಚುರುಕು. ಗೈಡನ್ನು ಕೈಯಲ್ಲಿ ನೋಡಿದವರೇ, "ಅದನ್ನ ಮದಲ ಒಲಿಗೆ ಹಾಕಿ ಬಾ" ಎಂದರು. ಅವರ ಪಾಠವೇ ಬೇರೆ. ಜಗಲಿಯ ಮೇಲೆ ಕೂರಿಸಿ, ಕಣ್ಣ ಮುಂದೆ ಏನು ನಡೆಯುತ್ತದೆಯೋ ಅದನ್ನು ಇಂಗ್ಲಿಷಿನಲ್ಲಿ ಹೇಳು ಎನ್ನುವರು. ಕಬ್ಬಿನ ಗಾಡಿ ಹೋದರೆ ಅದು. ಗಾಡಿ ಹೊಡೆಯುವ ಗುರಪ್ಪ ಎತ್ತಿಗೆ ಬೈದರೆ ಆ ಬೈಗುಳವನ್ನೂ ಹೇಳಬೇಕು, ಮರ್ಯಾದೆಯಿಂದ. ಮೊದಲ ತಿಂಗಳು ನನ್ನ ಬಾಯಿ ತೊದಲಿತು. ಆಮೇಲೆ ಮೇವು ಕತ್ತರಿಸುವಾಗ, ತಂಬಾಕಿನ ಕಡ್ಡಿ ಬಿಡಿಸುವಾಗ, ನಿನ್ನ ಮಗಳ ಲಂಗೋಟಿ ಒಗೆಯುವಾಗ ವಾಕ್ಯಗಳು ತಾವಾಗಿ ಬರತೊಡಗಿದವು. ಒಂದು ಹಳೆಯ ಪ್ಯಾರಾ ಕೊಟ್ಟು, ಗಡಿಯಾರ ನೋಡಿ, ನಲವತ್ತು ನಿಮಿಷದಲ್ಲಿ ಅದರ ಸಾರಾಂಶ ಬರೆಸುವರು. ಮೂರನೆಯ ಒಂದು ಭಾಗಕ್ಕಿಂತ ಒಂದು ಶಬ್ದ ಹೆಚ್ಚಾದರೂ, "ನಿಮ್ಮಪ್ಪನಂಗ ಮಾತು ಭಾಳ ಆತು" ಎಂದು ಹಾಳೆ ತಿರುಗಿ ಕೊಡುವರು. ಎಂಟು ತಿಂಗಳು ಹೀಗೆ ನಡೆಯಿತು. ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆಗೆ ಕೂರುವ ಫಾರ್ಮು ನಾನೇ ತುಂಬಿದೆ. ಇಪ್ಪತ್ತಮೂರು ವರ್ಷದವಳಿಗೆ ಯಾರ ಸಹಿಯೂ ಬೇಕಿಲ್ಲ ಎಂದು ಆಗಲೇ ಗೊತ್ತಾದದ್ದು. ಹಾಲ್ ಟಿಕೆಟ್ ಬಂದ ದಿನ ಅದರ ಮೇಲಿನ ನನ್ನ ಹೆಸರನ್ನು ಎಷ್ಟು ಸಲ ಓದಿದೆನೋ. ಇದೊಂದು ಪಾಸಾದರೆ ಈ ಜನ್ಮದಲ್ಲಿ ನನ್ನದು ಎನ್ನುವ ಒಂದು ಕಾಗದ ಇರುತ್ತದೆ ಎಂದುಕೊಂಡೆ.

ನಿನ್ನೆ ಅದೇ ಕಾಲೇಜು, ಅದೇ ಹಾಲು. ಪ್ರಶ್ನೆಪತ್ರಿಕೆ ನೋಡಿದೆ, ಎಲ್ಲ ಬರುತ್ತಿತ್ತು. ಅರ್ಧ ಗಂಟೆಯ ಮೇಲೆ ಸಹಿ ಮಾಡಲು ಸುಪರ್‌ವೈಸರ್ ಬಂದು ನಿಂತರು. ಕತ್ತೆತ್ತಿದರೆ ಅದೇ ಮೇಡಂ. ತಲೆ ಪೂರ್ತಿ ಬೆಳ್ಳಗಾಗಿದೆ, ಮತ್ತೇನೂ ಬದಲಾಗಿಲ್ಲ. ನನ್ನನ್ನು ನೋಡಿದ ಕೂಡಲೇ ಅವರ ಮುಖ ಅರಳಿತು. "ಗಂಡನ ಹೆಸರು ಪಟ್ನ ಹೇಳಿದಾಕಿ ಅಲ್ಲೇನs ನೀ? ಬೇಡಕಿಹಾಳದ ನೇಮಿನಾಥನ ಮನಿಯಾಕಿ?" ಎಂದರು. ನಾಲ್ಕು ವರ್ಷದ ಹಿಂದೆ ನಾನು ಬರೆದದ್ದು ಯಾವ ಪೇಪರು ಎಂಬುದು ಅವರಿಗೆ ನೆನಪಿಲ್ಲ, ನಿನ್ನ ಹೆಸರು ನೆನಪಿದೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಬರಿಯ ಕೊರಳ ಮೇಲೆ ಬಿತ್ತು. ಆಮೇಲೆ ಉಂಗುರವಿಲ್ಲದ ಕಾಲ್ಬೆರಳಿನ ಮೇಲೆ. ಆಮೇಲೆ ಹಾಲ್ ಟಿಕೆಟ್ಟಿನ ಮೇಲಿದ್ದ ಅಪ್ಪನ ಹೆಸರಿನ ಮೇಲೆ. ಅವರ ಮುಖ ಸಣ್ಣದಾಯಿತು. ನನ್ನ ಭುಜದ ಮೇಲೆ ಕೈಯಿಟ್ಟು, "ಯವ್ವಾ ನನ್ನ ತಾಯಿ, ಯಾವಾಗ ಹೋದ್ರವ್ವಾ? ಇಷ್ಟ ಸಣ್ಣ ವಯಸ್ಸಿನ್ಯಾಗ? ಅದಕ್ಕs ತವರಿಗೆ ಬಂದು ಓದಾಕತ್ತೀಯೇನು?" ಎಂದರು. ಕಣ್ಣಲ್ಲಿ ನೀರು ತಂದುಕೊಂಡರು. ನಾನು ಹೆಣ್ಣುಮಗಳಾಗಿ ಹುಟ್ಟಿದ ಮೇಲೆ ನನಗೋಸ್ಕರ ಹೊರಗಿನವರು ಅತ್ತದ್ದು ಅದೇ ಮೊದಲು, ಅದೂ ಇಲ್ಲದ ದುಃಖಕ್ಕೆ. ಮುಂದಿನದನ್ನು ಬರೆಯಲು ಮನಸ್ಸು ಬರುತ್ತಿಲ್ಲ. ಪೇಪರನ್ನಂತೂ ಪೂರ್ತಿ ಬರೆದೆ, ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.

ಅಪ್ಪ ಅವ್ವ ನಿನಗೆ ಆಶೀರ್ವಾದ ಹೇಳಿದ್ದಾರೆ. ಕೂಸು ನಿನ್ನ ಫೋಟೋಕ್ಕೆ ಮುದ್ದು ಕೊಟ್ಟಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊ, ಭಾರ ಎತ್ತಬೇಡ.

ಇಂತು ನಿನ್ನ ತಂಗಿ,
ಕಸ್ತೂರಿ ಭೀಮಗೊಂಡ

ತಾ.ಕ.: ಮುಚ್ಚಿಟ್ಟು ಕಳಿಸಲು ಆಗಲಿಲ್ಲ. ಟಪಾಲಿನ ನಾಮದೇವ ಚೀಲ ಕಟ್ಟುತ್ತಿದ್ದಾನೆ, ಬೇಗ ಬರೆಯುತ್ತೇನೆ. "ಇಲ್ರೀ ಬಾಯಾರ, ಅಂವ ಆರಾಮ ಅದಾನ್ರಿ. ಅಂವ ನನ್ನ ಗಂಡ ಅಲ್ರಿ, ನಮ್ಮಣ್ಣ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಇನ್ನೊಬ್ಬ ಸುಪರ್‌ವೈಸರ್ ಕೂಡ ಕೇಳಿಸಿಕೊಂಡರು. ಪೇಪರು ಮುಗಿದ ಮೇಲೆ ಆಫೀಸಿಗೆ ಕರೆದುಕೊಂಡು ಹೋಗಿ, ನಡೆದದ್ದನ್ನೆಲ್ಲ ಬರೆಸಿಕೊಂಡರು. ಕನ್ನಡದಲ್ಲಿ ಬರೆದರೆ ಸಾಕು ಎಂದರು, ನಾನು ಇಂಗ್ಲಿಷಿನಲ್ಲೇ ಬರೆದುಕೊಟ್ಟೆ. ನನ್ನ ಪೇಪರನ್ನು ತಡೆಹಿಡಿದಿದ್ದಾರೆ. ಇನ್ನು ಮುಂದೆ ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ವೈನಿಯ ಹೆಸರಿಗೆ ನೋಟೀಸು ಬರುತ್ತದೆ, ಡಿಗ್ರಿ ಹೋಗಬಹುದು, ನೌಕರಿಯೂ ಹೋಗಬಹುದು. ಅವರಿಗೆ ಇನ್ನೂ ಏನೂ ತಿಳಿಯದು, ಬೆಳಿಗ್ಗೆ ನಗುನಗುತ್ತ ಶಾಲೆಗೆ ಹೋದರು. ಈ ಪತ್ರ ಸಿಕ್ಕ ದಿನವೇ ಗಾಡಿ ಹತ್ತು, ನೀನೇ ಬಂದು ಅವರಿಗೆ ಹೇಳು. ನಾಲ್ಕು ವರ್ಷದ ಹಿಂದೆ ಹೊಳೆದ ಹಾಗೆ ನಿನ್ನೆಯೂ ಏನಾದರೂ ಒಂದು ಸುಳ್ಳು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹೌದ್ರೀ, ತೀರಿಕೊಂಡ್ರು ಎಂದಿದ್ದರೆ ವೈನಿಯೂ ಉಳಿಯುತ್ತಿದ್ದರು, ನಾನೂ ಪಾಸಾಗುತ್ತಿದ್ದೆ. ನೀನು ಸತ್ತೆ ಎನ್ನಲು ನನಗೆ ಬಾಯಿ ಬರಲಿಲ್ಲ, ಅಣ್ಣಾ.